ಅರವತ್ತೆಂಟು ಕಿಲೋ ಭಾವ

ನಮ್ಮ ಭಾವ ಮೂವತ್ತಕ್ಕೂ ಹೆಚ್ಚು ವರ್ಷ ಒಂದಿಡೀ ಬೀದಿಯ ಸೊಂಟಗಳನ್ನು ಕೈಯಲ್ಲಿಟ್ಟುಕೊಂಡು ಬಾಳಿದವನು. ದರ್ಜಿ. ನಾನು ಅವನ ಹೆಂಡತಿಯ ತಮ್ಮ. ಅವನ ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಳತೆ ಬರೆದುಕೊಳ್ಳುವುದು ನನ್ನ ಕೆಲಸ. ಮೊದಲೆರಡಕ್ಕೆ ಬೆರಳು ಸಾಕು. ಮೂರನೆಯದಕ್ಕೆ ಮಾತ್ರ ಆತ್ಮಸಾಕ್ಷಿಯನ್ನು ಮನೆಯಲ್ಲೇ ಬಿಟ್ಟು ಬರಬೇಕಾಗಿತ್ತು.

ಕಾರಣ ಇಷ್ಟೇ. ಭಾವ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಕನ್ನಡಕದ ಮೇಲಿಂದ ನೋಡಿ, ಬೀದಿಯಲ್ಲಿ ಹೋಗುವವರಿಗೂ ಕೇಳುವಂತೆ "ಮೂವತ್ನಾಲ್ಕು" ಎನ್ನುತ್ತಿದ್ದ. ಟೇಪು ಮೂವತ್ತಾರು ತೋರಿಸುತ್ತಿರುತ್ತಿತ್ತು. ನಾನು ತುಟಿಪಿಟಿಕ್ಕೆನ್ನದೆ ಮೂವತ್ತಾರು ಎಂದೇ ಬರೆದುಕೊಳ್ಳುತ್ತಿದ್ದೆ. ಗಿರಾಕಿ ಕನ್ನಡಿಯಲ್ಲಿ ತನ್ನ ಮಗ್ಗುಲನ್ನು ನೋಡಿಕೊಂಡು, "ಹೋದ ಸಲದಷ್ಟೇ ಇದೆ ಅಲ್ವಾ?" ಎಂದು ಕೇಳುತ್ತಿದ್ದ. "ನಿಮ್ಮ ಮೈಯೇ ಹಾಗೆ," ಎನ್ನುತ್ತಿದ್ದ ಭಾವ. ಪ್ಯಾಂಟನ್ನು ಮೂವತ್ತಾರಕ್ಕೇ ಕತ್ತರಿಸಿರುತ್ತಿದ್ದರಿಂದ ಅದು ಚೆನ್ನಾಗಿಯೇ ಕೂರುತ್ತಿತ್ತು. ಐವತ್ತು ದಾಟಿದವರಿಗೆ ಎರಡಿಂಚಲ್ಲ, ಮೂರಿಂಚು ಕಡಿಮೆ ಹೇಳುತ್ತಿದ್ದ. ಬ್ಯಾಂಕ್ ಮ್ಯಾನೇಜರಿಗೆ ನಾಲ್ಕು, ಏಕೆಂದರೆ ಅವರಿಗೆ ಆ ವರ್ಷವೂ ಬಡ್ತಿ ಬಂದಿರಲಿಲ್ಲ.

"ಇದು ಸುಳ್ಳಲ್ವಾ ಭಾವ?" ಎಂದು ಮೊದಮೊದಲು ಒಂದು ಸಲ ಕೇಳಿದ್ದೆ.

"ಸುಳ್ಳು ಬಟ್ಟೇಲಿದ್ರೆ ತಪ್ಪು ಕಣೋ. ಬಾಯಲ್ಲಿದ್ರೆ ಅದು ಮರ್ಯಾದೆ. ಹೇಳೋದು ಒಂದು, ಕತ್ತರಿಸೋದು ಒಂದು. ಕಸುಬು ಅಂದ್ರೆ ಅದೇ," ಎಂದ.

ಆಮೇಲೆ ಎದುರುಗಡೆ ರೆಡಿಮೇಡ್ ಅಂಗಡಿ ಬಂತು. ಅದರ ಮಾಲೀಕನನ್ನು ನಾವು ರೆಡಿಮೇಡಿನವನು ಎಂದೇ ಕರೆಯುತ್ತಿದ್ದೆವು. ಅವನ ಅಂಗಡಿಯಲ್ಲಿ ಪ್ರತಿ ಬಟ್ಟೆಯ ಕುತ್ತಿಗೆಗೂ ಒಂದು ಚೀಟಿ, ಚೀಟಿಯಲ್ಲಿ ನಿಜವಾದ ಅಂಕಿ. ಜನ ನಗುತ್ತಾ ಒಳಗೆ ಹೋಗಿ, ಬಟ್ಟೆ ಹಾಕಿ ನೋಡುವ ಕೋಣೆಯಲ್ಲಿ ತಮ್ಮ ವಯಸ್ಸನ್ನು ಕಂಡು, ಮುಖ ಊದಿಸಿಕೊಂಡು ಹೊರಬಂದು, ರಸ್ತೆ ದಾಟಿ ನಮ್ಮಲ್ಲಿಗೆ ಬರುತ್ತಿದ್ದರು. ಹೀಗಾಗಿ ನಮ್ಮ ಅಂಗಡಿ ನಿಂತಿದ್ದೇ ಆ ಎರಡಿಂಚಿನ ಮೇಲೆ. ಅದು ಬಯಲಾದ ದಿನ ಶಟರ್ ಎಳೆಯಬೇಕು ಎಂಬುದು ಭಾವನಿಗೂ ನನಗೂ ಗೊತ್ತಿತ್ತು, ಅಕ್ಕನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಇಂಥ ಭದ್ರವಾದ ಅಂಗಡಿಯನ್ನು ಭಾವ ನೀರಿಗೆ ತಳ್ಳಲು ಹೊರಟದ್ದು ಒಂದು ಗುರುವಾರ. ಬೆಳಿಗ್ಗೆ ಬೆನ್ನುನೋವೆಂದು ಡಾಕ್ಟರ ಬಳಿ ಹೋಗಿದ್ದ. ಅವರು ತೂಕ ನೋಡಿ ತೊಂಬತ್ತೆರಡು ಎಂದು ಬರೆದು, "ಜೀವಮಾನವೆಲ್ಲ ಕೂತಿದ್ದೀರಿ. ಇನ್ನು ಮೇಲೆ ನಿಂತ್ಕೊಂಡು ಮಾಡೋದೇನಾದ್ರೂ ಮಾಡಿ," ಎಂದು ಕಳಿಸಿದ್ದರು. ಭಾವ ಬಂದು ಮತ್ತೆ ಮೆಷಿನ್ನಿನ ಮುಂದೆ ಕೂತ. ನಮ್ಮ ಅಂಗಡಿಯ ಹಿಂದಿನ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಮೂವತ್ತೊಂದು ವರ್ಷದಿಂದ ಭಾವ ಅದಕ್ಕೆ ಬೆನ್ನು ಮಾಡಿಯೇ ಕೂತಿದ್ದ, ಏಕೆಂದರೆ ಸೂಜಿಗೆ ದಾರ ಪೋಣಿಸಲು ಬೆಳಕು ಹಿಂದಿನಿಂದ ಬರಬೇಕು.

ಅವತ್ತು ಬ್ಯಾಂಕ್ ಮ್ಯಾನೇಜರು ಕೋಟಿನ ಟ್ರಯಲ್ ನೋಡಲು ಬಂದಿದ್ದರು. ಒಂದೇ ತೋಳಿನ ಕೋಟಿನಲ್ಲಿ ಕೈ ಚಾಚಿ ನಿಂತವರು ಕಿಟಕಿಯಾಚೆ ನೋಡಿ, "ಅದೇನ್ರೀ ಅದು, ನೀರಿಗೆ ತಾಗದೇ ಹೋಗ್ತಿದೆ?" ಎಂದರು.

ನಾವು ತಿರುಗಿ ನೋಡಿದೆವು. ಯಾರೋ ಒಬ್ಬರು ಉದ್ದನೆಯ ಹುಟ್ಟು ಹಿಡಿದು ಹಲಗೆಯ ಮೇಲೆ ನಿಂತಿದ್ದರು. ಹಲಗೆ ನೀರಿನಿಂದ ಒಂದು ಮೊಳ ಮೇಲೆ ಇತ್ತು. ಸದ್ದಿಲ್ಲ, ನೊರೆಯಿಲ್ಲ. ಅಷ್ಟು ಪುಟ್ಟ ಅಲೆಯ ಮೇಲೆ ಅಷ್ಟು ದೊಡ್ಡ ಮನುಷ್ಯ ಹಾರಿಹೋಗುತ್ತಿದ್ದುದನ್ನು ಕಂಡು ನನ್ನ ಕೈಯಿಂದ ಗುಂಡಿಯೇ ಜಾರಿತು.

ಭಾವನ ಬಾಯಿ ತುಂಬ ಗುಂಡುಸೂಜಿ. ಅವು ಅಲ್ಲೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, "ಫಾಯಿಲ್ ಬೋರ್ಡು," ಎಂದ. "ನಿಂತು ಹುಟ್ಟು ಹಾಕೋದು. ಅಡಿಯಲ್ಲೊಂದು ಕಂಬ, ಕಂಬಕ್ಕೆ ರೆಕ್ಕೆ. ವೇಗ ಬಂದ್ರೆ ರೆಕ್ಕೆ ಎತ್ತುತ್ತೆ. ನಾನೂ ಒಂದು ತಗೊಳ್ತಿದ್ದೀನಿ, ಭಾನುವಾರಕ್ಕೆ."

ಈ ಜ್ಞಾನವೆಲ್ಲ ಡಾಕ್ಟರ ಬಳಿ ಸರದಿಗೆ ಕಾಯುತ್ತಾ ಓದಿದ ಹಳೆಯ ಪತ್ರಿಕೆಯ ಅರ್ಧ ಪುಟದ್ದು. ಉಳಿದ ಅರ್ಧವನ್ನು ಯಾರೋ ಹರಿದುಕೊಂಡು ಹೋಗಿದ್ದರು. ಬೀಳುವ ವಿಷಯ ಆ ಅರ್ಧದಲ್ಲಿತ್ತೆಂದು ಕಾಣುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮ್ಯಾನೇಜರು ಬ್ಯಾಂಕಿನಲ್ಲಿ ಹೇಳಿದರು, ಬ್ಯಾಂಕು ಬೀದಿಗೆಲ್ಲ ಹೇಳಿತು. ಸಂಜೆಯೊಳಗೆ ಎಲ್ಲರೂ ಫಾಯಿಲ್ ಬೋರ್ಡಿನ ಪಂಡಿತರಾದರು. ಶಾಲೆಯ ಹೆಡ್‌ಮೇಡಂ ಬಂದು, ಅಲೆ ಚಿಕ್ಕದಾದರೆ ಹಲಗೆ ಉದ್ದ ಇರಬೇಕು, ಅದು ಬರೀ ಸಾಮಾನ್ಯ ಜ್ಞಾನ ಎಂದರು. ಮ್ಯಾನೇಜರು, ಇಲ್ಲ, ಅಲೆ ಚಿಕ್ಕದಾದರೆ ಹಲಗೆಯೂ ಚಿಕ್ಕದಿರಬೇಕು, ಚಿಕ್ಕ ಸಾಲಕ್ಕೆ ಚಿಕ್ಕ ಅರ್ಜಿ ಇದ್ದ ಹಾಗೆ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಬ್ಬರೂ ಸಮುದ್ರದಲ್ಲಿ ಪಾದ ಅದ್ದಿ ಹತ್ತು ವರ್ಷವಾಗಿತ್ತು. ರೆಡಿಮೇಡಿನವನು ರಸ್ತೆಯಾಚೆಯಿಂದಲೇ, "ಈಜೋ ಬಟ್ಟೆ ಬೇಕಾದ್ರೆ ಹೇಳಿ. ನಿಮ್ಮ ಸೈಜು ಒಳಗಡೆ ಸ್ಟಾಕ್ ಇದೆ," ಎಂದು ಕೂಗಿದ. ಸೈಜು ಯಾವುದೆಂದು ಅವನು ಹೇಳಲಿಲ್ಲ, ಆದರೂ ಭಾವನ ಕಿವಿ ಕೆಂಪಾಯಿತು.

ಅಕ್ಕ ಮಾತ್ರ ಬಟ್ಟೆ ಮಡಚುತ್ತಾ, "ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿ ಅಂದ್ರೆ ತಲೆ ಸುತ್ತುತ್ತೆ ಅಂತೀರಿ. ಸಮುದ್ರದ ಮೇಲೆ ಸುತ್ತಲ್ವಾ?" ಎಂದಳು.

"ಸ್ಟೂಲಿಗೆ ರೆಕ್ಕೆ ಇಲ್ಲ," ಎಂದ ಭಾವ.

ಈಗ ನೆನೆದರೆ ನಗು ಬರುತ್ತದೆ. ಭಾವ ಈಗಿಲ್ಲ. ಇದ್ದಿದ್ದರೆ ಇದನ್ನೋದಿ, ಮೇಲೆ ನಾನು ಬರೆದ ತೊಂಬತ್ತೆರಡನ್ನು ಸೀಮೆಸುಣ್ಣದಿಂದ ತಿದ್ದುತ್ತಿದ್ದ.

ಶನಿವಾರ ಬೋರ್ಡಿನ ಅಂಗಡಿಗೆ ಹೋದೆವು. ಬಂದರಿನ ಹಿಂದಿನ ಗೋದಾಮು ಅದು. ಗೋಡೆಗೆ ಸಾಲಾಗಿ ಹಲಗೆಗಳು, ನೆಲದಲ್ಲಿ ಮರಳು, ಗಾಳಿಯಲ್ಲಿ ಅಂಟಿನ ವಾಸನೆ. ನಡೆಸುತ್ತಿದ್ದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವತ್ತು ನೀರಿನ ಮೇಲೆ ಹಾರಿದ್ದೂ ಅವಳೇ ಎಂದು ಗೊತ್ತಾಯಿತು. ಭಾವ ತಾನೇ ಹೊಲಿದ ಬೂದು ಕೋಟು ಹಾಕಿಕೊಂಡು ಬಂದಿದ್ದ. ಆ ಕೋಟಿನ ಮಹಿಮೆ ಹೇಳದೆ ಮುಂದೆ ಹೋಗುವಂತಿಲ್ಲ. ಅದರೊಳಗೆ ಭಾವನ ಹೊಟ್ಟೆ ಎಲ್ಲಿ ಹೋಗುತ್ತಿತ್ತೆಂದು ಮೂವತ್ತೊಂದು ವರ್ಷ ಜೊತೆಗಿದ್ದ ನನಗೇ ತಿಳಿದಿರಲಿಲ್ಲ.

"ಮೊದಲನೇ ಬೋರ್ಡಾ ಸರ್?" ಎಂದಳು.

"ಮೊದಲನೇದು. ಚಿಕ್ಕ ಅಲೆಗೆ."

"ಹಾಗಾದ್ರೆ ಮುಂದಿನ ರೆಕ್ಕೆ ದೊಡ್ಡದಿರ್ಲಿ, ನಿಧಾನವಾಗಿ ಹೋದ್ರೂ ಎತ್ತುತ್ತೆ. ಕಂಬ ಗಿಡ್ಡ ಇರ್ಲಿ, ಬಿದ್ರೆ ಎತ್ತರದಿಂದ ಬೀಳಲ್ಲ. ಇನ್ನು ಬೋರ್ಡು ಎಷ್ಟು ಲೀಟರಿಂದು ಅನ್ನೋದು ತೂಕದ ಮೇಲೆ. ನಿಮ್ಮ ತೂಕ ಎಷ್ಟೋ ಅದಕ್ಕೆ ಮೂವತ್ತು ಸೇರಿಸ್ಕೊಳ್ಳಿ, ಅಷ್ಟು ಲೀಟರ್ ತೇಲುವ ಬೋರ್ಡ್ ಬೇಕು. ತೂಕ ಎಷ್ಟು ಸರ್?"

"ಅರವತ್ತೆಂಟು," ಎಂದ ಭಾವ, ಹೊರಗೆ ಹೋಗುವವರಿಗೂ ಕೇಳುವಂತೆ.

ನನ್ನ ಕೈ ಅಭ್ಯಾಸಬಲದಿಂದ ಜೇಬಿನ ಪುಸ್ತಕಕ್ಕೆ ಹೋಯಿತು. ಆದರೆ ಇಲ್ಲಿ ಬರೆಯುವವನು ನಾನಲ್ಲ. ಅವಳು ಕೋಟನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಕೋಟನ್ನೇ ನಂಬಿ, ಅರವತ್ತೆಂಟು ಎಂದು ಬಾಯಲ್ಲೂ ಹೇಳಿ ಬರೆದುಕೊಂಡಳು. ಮೂವತ್ತು ಸೇರಿಸಿದಳು. ತೊಂಬತ್ತೆಂಟು ಲೀಟರಿನ ಹಲಗೆಯನ್ನು ಗೋಡೆಯಿಂದ ಇಳಿಸಿದಳು.

ಭಾವ ಅದನ್ನು ಸವರಿ, ದರ್ಜಿಗಳು ದರ್ಜಿಗಳಿಗೆ ಹೇಳುವ ಧಾಟಿಯಲ್ಲಿ, "ಸ್ವಲ್ಪ ಉಸಿರಾಡೋ ಹಾಗೆ ಬಿಟ್ಟಿದ್ದೀರಿ ತಾನೇ?" ಎಂದ.

"ಬಿಟ್ಟಿದೆ ಸರ್. ಇಲ್ಲಿ ನೋಡಿ, ಗಾಳಿಯಾಡೋಕೆ ಸ್ಕ್ರೂ ಇದೆ."

ಭಾವ ತೃಪ್ತಿಯಿಂದ ತಲೆಯಾಡಿಸಿದ. ದಾರಿಯಲ್ಲಿ ನಾನು ತಡೆಯಲಾರದೆ, "ಭಾವ, ತೊಂಬತ್ತೆರಡಲ್ವಾ?" ಎಂದೆ.

"ಕಸುಬುದಾರರಿಗೆ ಅದನ್ನೆಲ್ಲ ಬಾಯಿಬಿಟ್ಟು ಹೇಳ್ಬೇಕಾ? ಕಣ್ಣಲ್ಲೇ ಅಳೆದ್ಲು, ನೋಡ್ಲಿಲ್ವಾ? ಬಾಯಲ್ಲಿ ಅರವತ್ತೆಂಟು ಅಂದ್ಲು, ಕೊಟ್ಟಿರೋದು ತೊಂಬತ್ತೆರಡಕ್ಕೇ. ಒಳ್ಳೆ ಅಂಗಡಿ," ಎಂದ.

ಜಗತ್ತಿನ ಪ್ರತಿಯೊಬ್ಬ ಕಸುಬುದಾರನೂ ಗುಟ್ಟಾಗಿ ಎರಡಿಂಚು ಹೆಚ್ಚು ಕತ್ತರಿಸುತ್ತಾನೆಂದು ಭಾವ ಮನಸಾರೆ ನಂಬಿದ್ದ. ಆ ನಂಬಿಕೆಯಲ್ಲೇ ಅವನು ನಿಶ್ಚಿಂತೆಯಿಂದ ನಿದ್ದೆಮಾಡಿದ.

ಭಾನುವಾರ ಬೆಳಿಗ್ಗೆ ಇಡೀ ಬೀದಿ ದಡದಲ್ಲಿತ್ತು. ಮ್ಯಾನೇಜರು ಮಡಚುವ ಕುರ್ಚಿ ತಂದಿದ್ದರು. ಹೆಡ್‌ಮೇಡಂ ಕೊಡೆ ತಂದಿದ್ದರು. ರೆಡಿಮೇಡಿನವನು ಕ್ಯಾಮೆರಾ ತಂದಿದ್ದ. ಬೋರ್ಡಿನಾಕೆ ಮೊದಲ ದಿನದ ಗಿರಾಕಿಗಳನ್ನು ತಾನೇ ನೀರಿಗಿಳಿಸುವವಳು, ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅಲೆಗಳು ಮೊಣಕಾಲೆತ್ತರ.

ಭಾವ ಕೋಟು ತೆಗೆದ. ಒಳಗೆ ಈಜುವ ಬಟ್ಟೆ, ಅದರೊಳಗೆ ಭಾವ, ಪೂರ್ತಿಯಾಗಿ. ಬೋರ್ಡಿನಾಕೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಭಾವ ತಲೆಗೆ ಹೆಲ್ಮೆಟ್ ಏರಿಸಿ ಸೊಂಟದಾಳಕ್ಕೆ ಹೋಗಿಯಾಗಿತ್ತು. ಹಲಗೆಯ ಮೇಲೆ ಮಂಡಿಯೂರಿದ. ಹಲಗೆ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಕೆಳಗಿಳಿಯಿತು. ಭಾವ ಎದೆಗುಂದಲಿಲ್ಲ, ಹುಟ್ಟು ಊರಿ ಎದ್ದು ನಿಂತ. ದಡದಿಂದ ನೋಡುವವರಿಗೆ ಕಂಡದ್ದು ಇಷ್ಟು: ಒಬ್ಬ ಮನುಷ್ಯ ಸಮುದ್ರದಲ್ಲಿ ಮೊಣಕಾಲು ಮುಳುಗಿಸಿಕೊಂಡು, ಕೈಯಲ್ಲಿ ಕೋಲು ಹಿಡಿದು, ಬಹಳ ಗಂಭೀರವಾಗಿ ನಿಂತಿದ್ದಾನೆ.

"ನಡೀತಿದ್ದಾರೋ, ತೇಲ್ತಿದ್ದಾರೋ?" ಎಂದರು ಹೆಡ್‌ಮೇಡಂ.

"ಇನ್ನೂ ಶುರು ಮಾಡಿಲ್ಲ ಅನ್ಸುತ್ತೆ," ಎಂದರು ಮ್ಯಾನೇಜರು.

ಭಾವ ಬಿದ್ದ. ಎದ್ದ. ಐದು ಸಲ ಹೀಗಾಯಿತು. ಆರನೆಯ ಸಲ ಬೋರ್ಡಿನಾಕೆ ನೀರಿಗಿಳಿದು ಅವನನ್ನೂ ಹಲಗೆಯನ್ನೂ ದಡದ ಹತ್ತಿರ ಎಳೆತಂದಳು. ನಾನು ಟವೆಲ್ ಹಿಡಿದು ಹೋಗಿದ್ದರಿಂದ ಅವರ ಮಾತು ನನಗೊಬ್ಬನಿಗೇ ಕೇಳಿಸಿತು.

"ಸರ್, ನಿಮ್ಮ ತೂಕ ಅರವತ್ತೆಂಟಲ್ಲ."

"ಹೌದಮ್ಮ. ಆದ್ರೆ ನೀವು ಜಾಸ್ತಿ ಇಟ್ಟು ಕೊಟ್ಟಿರ್ತೀರಿ ಅನ್ಕೊಂಡೆ. ನಾವು ಹೇಳೋದು ಒಂದು, ಕತ್ತರಿಸೋದು ಒಂದು."

"ನಾನು ಬರೆದಿದ್ದನ್ನೇ ಕೊಡೋಳು ಸರ್. ಒಂದು ಲೀಟರ್ ಆಚೆ ಈಚೆ ಮಾಡಲ್ಲ. ತೂಕ ಸರಿಯಾಗಿ ಹೇಳಿ, ಬೇರೆ ಬೋರ್ಡ್ ಕೊಡ್ತೀನಿ."

ಭಾವ ದಡದ ಕಡೆ ನೋಡಿದ. ಅಲ್ಲಿ ಅವನ ಗಿರಾಕಿಗಳೆಲ್ಲ ಸಾಲಾಗಿ ನಿಂತಿದ್ದರು. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಮಾಡಿಕೊಂಡ.

ರೆಡಿಮೇಡಿನವನ ಮೂಗಿಗೆ ವಾಸನೆ ಬಡಿದೇಬಿಟ್ಟಿತು. ಅವನು ಹತ್ತಿರ ಬಂದು, "ಏನು, ಬೋರ್ಡಿನ ಅಂಗಡೀಲಿ ಕೂಗಿ ಹೇಳಿದ ಅರವತ್ತೆಂಟರಲ್ಲಿ ಏನೋ ಹೆಚ್ಚುಕಮ್ಮಿ ಇರೋ ಹಾಗಿದೆ?" ಎಂದ, ಊರಿಗೆಲ್ಲ ಕೇಳುವಂತೆ. "ನಿಮ್ಮ ವ್ಯಾನಲ್ಲಿ ತೂಕದ ಮೆಷಿನ್ ಇರುತ್ತಲ್ಲ ಮೇಡಂ. ತನ್ನಿ. ತನ್ನ ಮೈ ಅಳತೇನೇ ತಪ್ಪು ಹೇಳಿರೋ ದರ್ಜಿ ಇಷ್ಟು ವರ್ಷ ಇವರ ಸೊಂಟಕ್ಕೆ ಏನು ಹೇಳಿರ್ಬಹುದು, ಎಲ್ಲರಿಗೂ ಗೊತ್ತಾಗ್ಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಹೆಗಲಲ್ಲ, ದಡದುದ್ದಕ್ಕೂ ಇದ್ದ ಹೊಟ್ಟೆಗಳೆಲ್ಲ ಒಟ್ಟಿಗೇ ಒಳಕ್ಕೆ ಹೋದವು. ಮ್ಯಾನೇಜರು ಕುರ್ಚಿಯಿಂದೆದ್ದು, "ಮರಳ ಮೇಲೆ ತೂಕದ ಮೆಷಿನ್ ನಿಲ್ಲಲ್ಲ. ಅದು ನಿಯಮಕ್ಕೆ ವಿರುದ್ಧ," ಎಂದರು.

"ಬೋರ್ಡ್ ಮೇಲಿಟ್ರೆ ನಿಲ್ಲುತ್ತೆ," ಎಂದ ರೆಡಿಮೇಡಿನವನು.

"ಒದ್ದೆ ಬಟ್ಟೆ ತೂಕ ಜಾಸ್ತಿ ತೋರಿಸುತ್ತೆ," ಎಂದರು ಹೆಡ್‌ಮೇಡಂ. "ಇದು ಬರೀ ಸಾಮಾನ್ಯ ಜ್ಞಾನ."

"ಎಷ್ಟು ಜಾಸ್ತಿ, ಇಪ್ಪತ್ತು ಕಿಲೋನಾ?"

ಅಷ್ಟರಲ್ಲಿ ಅವನೇ ವ್ಯಾನಿನಿಂದ ಮೆಷಿನ್ ತಂದು, ರೆಕ್ಕೆ ಕಂಬ ಕಳಚಿಟ್ಟಿದ್ದ ಬೇರೊಂದು ಹಲಗೆಯನ್ನೂ ಎಳೆತಂದು ಅದರ ಮೇಲೆ ಇಟ್ಟ. ಹತ್ತದಿದ್ದರೂ ಒಪ್ಪಿಕೊಂಡಂತೆ, ಹತ್ತಿದರೂ ಒಪ್ಪಿಕೊಂಡಂತೆ. ನನ್ನ ಕಣ್ಣ ಮುಂದೆ ಶಟರ್ ಕೆಳಗಿಳಿಯಿತು. ಭಾವ ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ. ಅಕ್ಕ ಹೋಗಿ ಅವನ ಕೈಯಲ್ಲಿದ್ದ ಹುಟ್ಟನ್ನು ತಾನು ಹಿಡಿದುಕೊಂಡಳು, "ಹತ್ತಿ," ಎಂದಳು. ಅವನು ಹತ್ತಿದ.

ಅಂಕಿ ತೋರಿಸುವ ಕಿಂಡಿ ಚಿಕ್ಕದು. ಬೋರ್ಡಿನಾಕೆ ರೆಡಿಮೇಡಿನವನಿಗಿಂತ ಮೊದಲೇ ಬಗ್ಗಿದಳು, ಅವಳ ತಲೆ ಅಡ್ಡವಾಯಿತು. ನಾನು ಟವೆಲ್ ಹಿಡಿದು ಪಕ್ಕದಲ್ಲೇ ಇದ್ದೆ. ತೊಂಬತ್ತೆರಡು ಎಂದು ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳು ತಲೆಯೆತ್ತಿದಳು. ಮೊದಲು ಭಾವನನ್ನು ನೋಡಿದಳು. ಆಮೇಲೆ ಉಸಿರು ಬಿಗಿಹಿಡಿದು ಕೆಂಪಾಗುತ್ತಿದ್ದ ಮ್ಯಾನೇಜರನ್ನು, ಕೊಡೆಯ ಹಿಂದೆ ಕಣ್ಣು ಮುಚ್ಚಿಕೊಂಡಿದ್ದ ಹೆಡ್‌ಮೇಡಂ ಅವರನ್ನು, ಅವರ ಹಿಂದೆ ನಿಂತ ಇಡೀ ಬೀದಿಯನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ ಗೊತ್ತಿಲ್ಲ, ನನಗಂತೂ ಹತ್ತು ಕಾಜಾ ಹೊಲಿಯುವಷ್ಟು ಹೊತ್ತೆನಿಸಿತು.

"ಅರವತ್ತೆಂಟು," ಎಂದಳು. ದಡದ ಕೊನೆಯವರಿಗೂ ಕೇಳಿಸಿತು.

ರೆಡಿಮೇಡಿನವನು ಬಗ್ಗುವಷ್ಟರಲ್ಲಿ ಭಾವ ಇಳಿದಿದ್ದ, ಮೆಷಿನ್ ಸೊನ್ನೆ ತೋರಿಸುತ್ತಿತ್ತು.

"ಹಾಗಾದ್ರೆ ಮುಳುಗಿದ್ದು ಯಾಕೆ?" ಎಂದ ಅವನು.

"ಬೋರ್ಡಲ್ಲೇ ದೋಷ," ಎಂದಳು ಅವಳು. "ಒಳಗೆ ನೀರು ಹೋಗಿದೆ. ನಾನು ನೋಡ್ಕೊಳ್ಳದೇ ಕೊಟ್ಟುಬಿಟ್ಟೆ, ನನ್ನದೇ ತಪ್ಪು." ಒಂದು ಲೀಟರ್ ಆಚೆ ಈಚೆ ಮಾಡದವಳು, ಅಷ್ಟೂ ಜನರ ಮುಂದೆ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಆಮೇಲೆ ವ್ಯಾನಿನ ಹಿಂದೆ ಹೋಗಿ ಇನ್ನೊಂದು ಹಲಗೆ ತಂದಳು. ಅದರ ಬಣ್ಣ ಮೊದಲಿನದರದ್ದೇ. ಅಂಚಿನಲ್ಲಿ ಬರೆದಿದ್ದ ನೂರಿಪ್ಪತ್ತೆರಡು ಲೀಟರ್ ಎಂಬುದರ ಮೇಲೆ ಅವಳು ಹೆಬ್ಬೆರಳಿಟ್ಟು ಹಿಡಿದಿದ್ದಳು.

ಹೊಟ್ಟೆಗಳು ಒಂದೊಂದಾಗಿ ಸ್ವಸ್ಥಾನಕ್ಕೆ ಮರಳಿದವು. "ನಾನು ಆಗಲೇ ಹೇಳ್ಲಿಲ್ವಾ?" ಎಂದರು ಮ್ಯಾನೇಜರು, ಏನು ಹೇಳಿದ್ದರೋ.

ಭಾವ ಹಾರಿದನೇ ಎಂದು ಕೇಳುತ್ತೀರಿ. ಮಧ್ಯಾಹ್ನದ ಹೊತ್ತಿಗೆ ನೂರಿಪ್ಪತ್ತೆರಡು ಲೀಟರಿನ ಮೇಲೆ ಅಲುಗಾಡದೆ ನಿಲ್ಲಲು ಕಲಿತ. ಅದಾಗಿ ಇಪ್ಪತ್ತು ಸಲ ಬಿದ್ದಮೇಲೆ ಹಿಂದಿನಿಂದ ಓರೆಯಾಗಿ ಒಂದು ಪುಟ್ಟ ಅಲೆ ಬಂತು. ಭಾವ ನಾಲ್ಕು ಸಲ ಹುಟ್ಟು ಹಾಕಿದ. ಹಲಗೆ ನೀರು ಬಿಟ್ಟು ಗೇಣು ಮೇಲೆದ್ದಿತು. ನೀರಿನ ಸದ್ದು ನಿಂತುಹೋಯಿತು. ನಾಲ್ಕು ಎಣಿಸುವಷ್ಟು ಹೊತ್ತು, ದಡದ ಉದ್ದಕ್ಕೆ, ಬೆನ್ನು ನೆಟ್ಟಗೆ, ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡು, ನಮ್ಮ ಭಾವ ಯಾವುದಕ್ಕೂ ತಾಗದೆ ಹೋದ. ಆಮೇಲೆ ಬಿದ್ದ, ಅದು ಬೇರೆ ಮಾತು. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಬಿಕ್ಕಿ ಬಿಕ್ಕಿ ನಗುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ಕೇಳಲಿಲ್ಲ.

ಹತ್ತು ದಿನ ಬಿಟ್ಟು ಬೋರ್ಡಿನಾಕೆ ನಮ್ಮ ಅಂಗಡಿಗೆ ಬಂದಳು. ಅವಳ ತಂಗಿಯ ಮದುವೆಗೆ ಒಂದು ಕೋಟು ಬೇಕಾಗಿತ್ತು. "ಎಲ್ಲಿ ಹೋದ್ರೂ ಹೆಗಲು ನೋಡಿ ಗಂಡಸರ ಬಟ್ಟೆ ಹತ್ರ ಕಳಿಸ್ತಾರೆ," ಎಂದಳು. ನಗುತ್ತಲೇ ಹೇಳಿದಳು, ಆದರೆ ಪೂರ್ತಿ ನಗುವಲ್ಲ ಅದು. ಅಷ್ಟು ವರ್ಷ ಹುಟ್ಟು ಹಾಕಿದ ಹೆಗಲು.

ಭಾವ ಹೆಗಲಿಂದ ಹೆಗಲಿಗೆ ಟೇಪು ಹಿಡಿದ. ಹದಿನೇಳೂವರೆ. ಕನ್ನಡಕದ ಮೇಲಿಂದ ನೋಡಿ, "ಹದಿನೈದೂವರೆ," ಎಂದು ಕೂಗಿದ.

ನನಗೆ ನಾಚಿಕೆಯಾಯಿತು. ಇವಳಿಗೆ ಎಲ್ಲ ಗೊತ್ತು. ಮರಳ ಮೇಲೆ ನಿಂತು ಇದೇ ಸುಳ್ಳನ್ನು ನಮಗಾಗಿ ತಾನೇ ಹೇಳಿದವಳು. ಇವಳ ಮುಂದೆಯೂ ಇದು ಬೇಕಿತ್ತೇ ಎಂದುಕೊಂಡೆ. ಆದರೆ ಅವಳು ಕನ್ನಡಿಯತ್ತ ತಿರುಗಿ ಎಡಮಗ್ಗುಲು ನೋಡಿಕೊಂಡಳು, ಬಲಮಗ್ಗುಲು ನೋಡಿಕೊಂಡಳು. ಮುಖ ಅರಳಿತು.

"ಅಷ್ಟೇನಾ?" ಎಂದಳು.

"ನಿಮ್ಮ ಮೈಯೇ ಹಾಗೆ," ಎಂದ ಭಾವ.

ನಾನು ಪುಸ್ತಕ ತೆರೆದೆ. ಪೆನ್ನಿನ ಟೋಪಿ ತೆಗೆದ ಸದ್ದಿಗೇ ಅವಳು ಮುಖವನ್ನು ಬೀದಿಯ ಕಡೆ ತಿರುಗಿಸಿ, ನಾನು ಬರೆದು ಮುಗಿಸುವವರೆಗೂ ಅಲ್ಲೇ ನೋಡುತ್ತಾ ನಿಂತಳು. ಮ್ಯಾನೇಜರೂ ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದರು, ಹೆಡ್‌ಮೇಡಂ ಕೂಡ ಹಾಗೆಯೇ. ಅಷ್ಟು ವರ್ಷಗಳಲ್ಲಿ ಒಬ್ಬೇ ಒಬ್ಬ ಗಿರಾಕಿಯೂ ನನ್ನ ಪುಸ್ತಕದೊಳಗೆ ಇಣುಕಿ ನೋಡಿರಲಿಲ್ಲ.